ಹಿಂದುಮುಂದಾದ ಲೆನ್ಸು

ರಾತ್ರಿ ಹದವಾದ ಮಳೆ ಬಿದ್ದಿತ್ತು. ಕೂಡ್ಲಿಗಿಯಿಂದ ಗುಡೇಕೋಟೆಗೆ ಹೋಗುವ ದಾರಿಬದಿಯ ಮಸಾರಿ ನೆಲ ನೀರು ಕುಡಿದು ಮೆತ್ತಗಾಗಿತ್ತು. ಇದು ಕರಡಿಗಳ ಸೀಮೆ. ಕ್ಯಾಮೆರಾ ಹೊತ್ತು ಬಂದವರೆಲ್ಲ ಬಂಡೆಗಳ ಸಂದಿಯಲ್ಲಿ ಕಣ್ಣಾಡಿಸುತ್ತಾರೆ. ನನ್ನ ಜೊತೆಗಿದ್ದ ಹುಡುಗ ಮಾತ್ರ ನೆಲ ನೋಡುತ್ತ ನಡೆಯುತ್ತಿದ್ದ. ಮದುವೆ ಫೋಟೋ ತೆಗೆಯುವುದು ಅವನ ಕಸುಬು.

‘ಅಲ್ಲೈತಿ ನೋಡ್ರಿ ಸರ.’

ಹಸಿ ಮಣ್ಣಿನ ಮೇಲೆ ಕುಂಕುಮದ ಹನಿಯೊಂದು ನಡೆದು ಹೊರಟಿತ್ತು. ಮೊದಲ ಮಳೆಗೆ ಭೂಮಿಯಿಂದ ಮೇಲೆ ಬರುವ ಕೆಂಪು ಮಖಮಲ್ಲಿನ ಹುಳ. ಹುಳ ಅನ್ನುತ್ತೇವೆ, ಕಾಲು ಎಂಟು. ಜೇಡ, ಚೇಳುಗಳ ಬಳಗ. ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಹುಲ್ಲು ಹಾಕಿ ಸಾಕಿದ್ದೆವು. ಅದು ಹುಲ್ಲು ತಿನ್ನುವುದಿಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಹುಡುಗ ಮೊಣಕಾಲೂರಿ ಚೀಲದಿಂದ ಹಳೆಯ 50 ಮಿ.ಮೀ. ಲೆನ್ಸ್ ತೆಗೆದ. ಕೊಟ್ಟೂರಿನಲ್ಲಿ ಬಾಗಿಲು ಹಾಕಿದ ಸ್ಟುಡಿಯೊ ಒಂದರಿಂದ ತಂದದ್ದಂತೆ, ರೀಲಿನ ಕಾಲದ್ದು. ಅದನ್ನು ತಿರುಗಿಸಿ, ಮೂತಿಯನ್ನೇ ಕ್ಯಾಮೆರಾಕ್ಕೆ ಕಚ್ಚಿಸಿದ. ನಡುವೆ ಒಂದು ರಿವರ್ಸ್ ರಿಂಗು. ಬುಡ ಈಗ ಹುಳದ ಕಡೆಗೆ.

ನೋಡಿದರೆ ಹುಚ್ಚಾಟ, ಆದರೆ ಲೆಕ್ಕ ಸರಿಯಿದೆ. ಸಾಮಾನ್ಯ ಲೆನ್ಸಿನ ಮುಂದಿನ ಮುಖ ದೂರದ ಊರು, ಮುಗಿಲು, ಮಂದಿಯನ್ನು ನೋಡಲಿಕ್ಕೆ. ಹಿಂದಿನ ಮುಖಕ್ಕೆ ನಾಲ್ಕೈದು ಸೆಂಟಿಮೀಟರಿನಾಚೆಯ ರೀಲಿನದೇ ಚಿಂತೆ. ಹತ್ತಿರದ್ದನ್ನು ಸಂಭಾಳಿಸಿ ರೂಢಿಯಾದ ಆ ಮುಖವನ್ನು ಹುಳದತ್ತ ತಿರುಗಿಸಿದರೆ, ಹುಳ ಸೆನ್ಸರಿನ ಮೇಲೆ ಹೆಚ್ಚುಕಡಿಮೆ ತನ್ನ ನಿಜವಾದ ಅಳತೆಯಲ್ಲೇ ಬೀಳುತ್ತದೆ. 28 ಮಿ.ಮೀ. ಲೆನ್ಸನ್ನು ಹೀಗೆ ಮಗುಚಿದರೆ ಸುಮಾರು ಇಮ್ಮಡಿ. ಕಂಪನಿಯ ಮ್ಯಾಕ್ರೋ ಲೆನ್ಸು ಇದನ್ನೇ ನಾಜೂಕಾಗಿ ಮಾಡುತ್ತದೆ: ಫೋಕಸ್ ಹತ್ತಿರ ಬಂದಂತೆ ಒಳಗಿನ ಗಾಜುಗಳ ಗುಂಪುಗಳು ಬೇರೆಬೇರೆ ಸರಿದು, ಅಂಚಿನವರೆಗೂ ಚಿತ್ರ ಮಸುಕಾಗದಂತೆ ಕಾಯುತ್ತವೆ. ನಿಕಾನ್ ಕಂಪನಿ 1956ರಲ್ಲಿ ಮೈಕ್ರೋ-ನಿಕ್ಕೋರ್ ತಂದದ್ದು ಹುಳಕ್ಕಾಗಿ ಅಲ್ಲ, ಗಿಜಿಗಿಜಿ ಗೆರೆಯ ಜಪಾನಿ ಅಕ್ಷರಗಳ ಪುಟಗಳನ್ನು ಮೈಕ್ರೋಫಿಲ್ಮಿಗೆ ಇಳಿಸಲು. ನಮ್ಮ ಒತ್ತಕ್ಷರಗಳೂ ಆ ಲೆನ್ಸಿಗೆ ಕೆಲಸ ಕೊಡುತ್ತಿದ್ದವು.

‘ಉಸಿರು ಬಿಡಬ್ಯಾಡ್ರಿ.’ ಅವನು ಫೋಕಸ್ ತಿರುಗಿಸಲಿಲ್ಲ. ಮೊಣಕೈ ನೆಲಕ್ಕೂರಿ ತಾನೇ ಕೂದಲೆಳೆಯಷ್ಟು ಮುಂದೆ ಹೋದ, ಹಿಂದೆ ಬಂದ. ಎಫ್/8ರಲ್ಲಿ ನಿಚ್ಚಳ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್. ಬೆಂಕಿಕಡ್ಡಿಯ ಅರ್ಧ ದಪ್ಪ. ಹೋದ ತಿಂಗಳು ತೆಗೆದ ಹಡಗಲಿ ಮಲ್ಲಿಗೆಯ ಮೊಗ್ಗನ್ನು ಮೊಬೈಲಿನಲ್ಲಿ ತೋರಿಸಿದ್ದ: ತುದಿ ಸೂಜಿಯಂತೆ, ತೊಟ್ಟು ಬರೀ ಮಂಜು. ಅಪರ್ಚರ್ ಇನ್ನಷ್ಟು ಕಿರಿದು ಮಾಡಿದರೆ ಆಳವೇನೋ ಹೆಚ್ಚುತ್ತದೆ, ಆದರೆ ಸಣ್ಣ ಕಂಡಿಯಲ್ಲಿ ನುಸುಳುವ ಬೆಳಕು ಹರಡಿ ಗೆರೆಗಳೆಲ್ಲ ಮೊಂಡಾಗುತ್ತವೆ. ಮೇಲಾಗಿ ಇಷ್ಟು ಹತ್ತಿರದಲ್ಲಿ ಸೆನ್ಸರಿಗೆ ಮುಟ್ಟುವುದೇ ಕಾಲು ಪಾಲು ಬೆಳಕು. ಅದಕ್ಕೇ ಫ್ಲ್ಯಾಶಿನ ಬಾಯಿಗೆ ಬಿಳಿ ಥರ್ಮಾಕೋಲ್ ತುಂಡು ಕಟ್ಟಿಕೊಂಡಿದ್ದ.

ಲೆನ್ಸಿನ ನೆರಳು ಬಿದ್ದೊಡನೆ ಹುಳ ಕಾಲು ಮಡಚಿ ಗುಂಡಗಾಯಿತು. ನಾವೂ ಕಾದೆವು. ಎಲ್ಲೋ ನವಿಲು ಕೂಗಿತು, ದೂರದ ಹೊಲದಲ್ಲಿ ಟ್ರ್ಯಾಕ್ಟರ್ ಶುರುವಾಯಿತು. ಆಮೇಲೆ ಒಂದು ಕಾಲು, ಇನ್ನೊಂದು. ಫ್ಲ್ಯಾಶ್ ಎರಡು ಸಲ ಮಿಂಚಿತು.

ಪರದೆಯಲ್ಲಿ ಮಖಮಲ್ಲಿನ ಎಳೆ ಎಳೆ ಕೂದಲು. ಒಂದರ ತುದಿಯಲ್ಲಿ ಮಸಾರಿಯ ಕಣವೊಂದು ಸಿಕ್ಕಿಕೊಂಡಿತ್ತು.

ಅವನು ಮಂಡಿಯ ಕೆಸರು ಒರೆಸಿಕೊಂಡು ಎದ್ದ. ಹತ್ತಕ್ಕೆ ಹಗರಿಬೊಮ್ಮನಹಳ್ಳಿಯಲ್ಲಿ ಮುಹೂರ್ತ. ಲೆನ್ಸ್ ಬಿಚ್ಚುವುದಿಲ್ಲವೇ ಎಂದೆ.

‘ಇರ್ಲಿ ಬಿಡ್ರಿ ಸರ, ಮದುಮಗಳ ಮೂಗುತಿ ತೆಗೀಬೇಕು.’