ಬುಟ್ಟಿಚೆಂಡಿನ ವ್ಯಸನ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಆಟದ ವ್ಯಸನವು ನಮಗೆ ಬಾಲ್ಯದಿಂದಲೂ ಅಂಟಿಕೊಂಡುದು. ಪಂದ್ಯದ ವೃತ್ತಾಂತವನ್ನೋದದ ದಿನ ನಮಗೆ ಊಟ ರುಚಿಸದು; ಮನೆಯವರು ನಗುವರು, ನಗಲಿ.

ಈ ಆಟವು ಒಮ್ಮೆ ಅವಸಾನದ ಅಂಚಿನಲ್ಲಿದ್ದಿತೆಂಬುದನ್ನು ಇಂದಿನ ಬಾಲಕರು ಅರಿಯರು. ೧೯೫೦ನೆಯ ನವೆಂಬರ್ ೨೨ರಂದು ಫೋರ್ಟ್ ವೇನ್ ತಂಡದವರು ಮಿನಿಯಾಪೊಲಿಸ್ ತಂಡದ ಉನ್ನತಕಾಯನಾದ ಜಾರ್ಜ್ ಮೈಕನನಿಗೆ ಅಂಜಿ, ಚೆಂಡನ್ನು ಹಿಡಿದುಕೊಂಡೇ ಕಾಲಹರಣಮಾಡಿ, ೧೯–೧೮ ಅಂಕಗಳಿಂದ ಗೆದ್ದರು. ಹಣ ತೆತ್ತು ಬಂದವರು ಇದನ್ನೆಷ್ಟು ದಿನ ಸಹಿಸಿಯಾರು? ಸಿರಾಕ್ಯೂಸ್ ತಂಡದ ಒಡೆಯನಾದ ಡ್ಯಾನಿ ಬಯಾಸೋನನೂ ಅವನ ಸಂಗಡಿಗರೂ ಲೆಕ್ಕಕ್ಕೆ ಕುಳಿತರು. ಒಳ್ಳೆಯ ಪಂದ್ಯವೊಂದರಲ್ಲಿ ಎರಡು ತಂಡಗಳೂ ಸೇರಿ ಸುಮಾರು ೧೨೦ ಬಾರಿ ಬುಟ್ಟಿಗೆಸೆಯುವರು, ಅವಧಿ ೪೮ ನಿಮಿಷ, ಎಂದರೆ ೨೮೮೦ ಸೆಕೆಂಡು, ಭಾಗಿಸಿದರೆ ೨೪. ಅಷ್ಟರೊಳಗೆ ಎಸೆಯದಿದ್ದರೆ ಚೆಂಡು ಎದುರಾಳಿಗೆ ಎಂದು ೧೯೫೪ರಲ್ಲಿ ನಿಯಮವಾಯಿತು. ಕೆಳತರಗತಿಯ ಭಾಗಾಕಾರವು ಆಟಕ್ಕೆ ಜೀವದಾನಮಾಡಿತು! ಗಣಿತವೇತಕ್ಕೆಂದು ಕೇಳುವ ಹುಡುಗರಿಗೆ ಇದನ್ನು ಹೇಳಬಹುದು.

ಆಮೇಲೆ ೧೯೬೨ನೆಯ ಮಾರ್ಚ್ ೨ರಂದು ವಿಲ್ಟ್ ಚೇಂಬರ್ಲಿನನು ಒಬ್ಬನೇ ೧೦೦ ಅಂಕಗಳನ್ನು ಗಳಿಸಿದನು. ೧೯೭೯ರಲ್ಲಿ ಬಂದ ಮೂರಂಕದ ಗೆರೆಯಾಚೆಯಿಂದ ಸ್ಟೀಫನ್ ಕರಿ ಎಸೆಯುವ ಪರಿಯನ್ನು ಕಂಡು ಹಳಬರಲ್ಲಿ ಕೆಲವರು ಮೂಗುಮುರಿಯುವರು. ನಾವು ಮುರಿಯೆವು, ಆರಡಿ ಎರಡಂಗುಲದವನು ದೈತ್ಯರ ನಡುವೆ ಮೆರೆದುದು ಆ ಗೆರೆಯ ಬಲದಿಂದಲೇ. ಆದರೆ ಬುಟ್ಟಿಯ ಕೆಳಗಣ ಮಲ್ಲಯುದ್ಧವು ವಿರಳವಾಯಿತಲ್ಲಾ ಎಂಬ ಕೊರಗು ಮಾತ್ರ ನಮಗುಂಟು.