ಹಾಲು ಹಿಂಡುವ ಕೈಗೆ ಬರುವ ಬೊಕ್ಕೆ: ಎಮ್ಮೆ ಸಿಡುಬು

ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ದನಕರುಗಳಿಗೂ ಮನೆಮಂದಿಗೂ ನಡುವೆ ಇರುವ ಅಂತರ ಬಹಳ ಕಡಿಮೆ. ಹಾಲು ಹಿಂಡುವ ಕೈ, ಸಗಣಿ ಬಾಚುವ ಕೈ, ರೊಟ್ಟಿ ಬಡಿಯುವ ಕೈ ಅನೇಕ ಮನೆಗಳಲ್ಲಿ ಒಂದೇ. ಹೀಗಿರುವಾಗ ದನಗಳಿಗೆ ಬರುವ ವೈರಸ್ ರೋಗಗಳು ನಮಗೂ ಅಂಟಬಹುದೆ ಎಂದು ನಿಮ್ಮ ವಿದ್ಯಾರ್ಥಿಗಳು ಕೇಳಿದರೆ ಏನು ಉತ್ತರ ಕೊಡುವಿರಿ?

ಎಲ್ಲವೂ ಅಂಟುವುದಿಲ್ಲ, ಕೆಲವು ಅಂಟುತ್ತವೆ. ಯಾವುದು ಅಂಟುತ್ತದೆ, ಯಾವುದು ಇಲ್ಲ ಎಂದು ತಿಳಿದಿರುವುದು ಮುಖ್ಯ.

ಒಂದೇ ಕುಟುಂಬ, ಎರಡು ಸ್ವಭಾವ

2022ರಲ್ಲಿ ಚರ್ಮಗಂಟು ರೋಗ ದೇಶದ ಅನೇಕ ರಾಜ್ಯಗಳಲ್ಲಿ ಹರಡಿದಾಗ, ಅಂಥ ದನದ ಹಾಲು ಕುಡಿಯಬಹುದೆ ಎಂದು ಜನ ಹೆದರಿದರು. ಆ ರೋಗದ ವೈರಸ್ ಸಿಡುಬಿನ ವೈರಸ್ ಕುಟುಂಬಕ್ಕೇ ಸೇರಿದ್ದು. ಆದರೂ ಅದು ಮನುಷ್ಯರಿಗೆ ರೋಗ ತರುವುದಿಲ್ಲ. ಅದೇ ಕುಟುಂಬದ ಇನ್ನೊಂದು ವೈರಸ್ ಎಮ್ಮೆ ಸಿಡುಬನ್ನು ಉಂಟುಮಾಡುತ್ತದೆ. ಇದು ಎಮ್ಮೆಯ ಕೆಚ್ಚಲಿನಿಂದ ಹಾಲು ಹಿಂಡುವವರ ಬೆರಳಿಗೆ ಸುಲಭವಾಗಿ ದಾಟುತ್ತದೆ.

ಏಕೆ ಈ ವ್ಯತ್ಯಾಸ? ವೈರಸ್ ಜೀವಕೋಶದೊಳಗೆ ಹೊಕ್ಕರಷ್ಟೇ ಸಾಲದು. ಆ ಕೋಶದ ರಕ್ಷಣಾ ವ್ಯವಸ್ಥೆಯನ್ನು ಮಣಿಸಿ ತನ್ನ ಪ್ರತಿಗಳನ್ನು ಮಾಡಿಕೊಳ್ಳಬೇಕು. ಇದಕ್ಕೆ ಬೇಕಾದ ಜೀನ್‌ಗಳು ಒಂದೊಂದು ವೈರಸ್‌ನಲ್ಲಿ ಒಂದೊಂದು ಬಗೆ. ಎಮ್ಮೆ ಸಿಡುಬಿನ ವೈರಸ್, ಸಿಡುಬಿನ ಲಸಿಕೆಯಲ್ಲಿ ಬಳಸುತ್ತಿದ್ದ ವ್ಯಾಕ್ಸೀನಿಯಾ ವೈರಸ್‌ನ ಅತಿ ಹತ್ತಿರದ ಸಂಬಂಧಿ. ವ್ಯಾಕ್ಸೀನಿಯಾ ಹಲವು ಪ್ರಾಣಿಗಳಲ್ಲಿ ಬೆಳೆಯಬಲ್ಲದು. ಮನುಷ್ಯರ ಚರ್ಮವೂ ಅದಕ್ಕೆ ಹೊಸತಲ್ಲ.

ಲಕ್ಷಣಗಳು

ಎಮ್ಮೆಯ ಮೊಲೆತೊಟ್ಟು, ಕೆಚ್ಚಲು, ಕಿವಿ, ಕಣ್ಣಿನ ರೆಪ್ಪೆಗಳ ಮೇಲೆ ಮೊದಲು ಕೆಂಪು ಚುಕ್ಕೆಗಳು ಏಳುತ್ತವೆ. ಅವು ಗುಳ್ಳೆಗಳಾಗಿ, ಕೀವು ತುಂಬಿ, ಕೊನೆಗೆ ಹಕ್ಕಳೆ ಕಟ್ಟುತ್ತವೆ. ಎಮ್ಮೆ ಸಾಮಾನ್ಯವಾಗಿ ಸಾಯುವುದಿಲ್ಲ. ಆದರೆ ನೋವಿನಿಂದ ಹಾಲು ಹಿಂಡಲು ಬಿಡುವುದಿಲ್ಲ. ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿದರೆ ಕೆಚ್ಚಲು ಬಾವು ಬಂದು ಹಾಲು ಇಳಿದುಹೋಗುತ್ತದೆ. ಒಂದೆರಡು ಎಮ್ಮೆಯ ಹಾಲಿನ ಮೇಲೆ ನಿಂತ ಸಂಸಾರಕ್ಕೆ ಇದು ದೊಡ್ಡ ಪೆಟ್ಟು.

ಹಾಲು ಹಿಂಡುವವರ ಬೆರಳು, ಅಂಗೈ, ಮುಂಗೈಗಳಲ್ಲಿ ಕೆಲವೇ ದಿನಗಳಲ್ಲಿ ಅಂಥವೇ ಬೊಕ್ಕೆಗಳು ಏಳುತ್ತವೆ. ಜೊತೆಗೆ ಜ್ವರ, ಮೈಕೈ ನೋವು, ಕಂಕುಳಲ್ಲಿ ಗಡ್ಡೆ. ಅದೇ ಕೈಯಿಂದ ಮುಖ ಮುಟ್ಟಿಕೊಂಡರೆ ಅಲ್ಲಿಗೂ ಸೋಂಕು ತಗಲಬಹುದು. ಕಣ್ಣಿಗೆ ತಗಲಿದರೆ ಅಪಾಯ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ವಾಸಿಯಾಗಿ ಕಲೆ ಉಳಿಯುತ್ತದೆ.

ನೆರೆಯ ರಾಜ್ಯದ ಪಾಠ

ಈ ರೋಗವನ್ನು ಮೊದಲು ದಾಖಲಿಸಿದ್ದು 1934ರಲ್ಲಿ, ಲಾಹೋರಿನಲ್ಲಿ. 1985-87ರಲ್ಲಿ ಮಹಾರಾಷ್ಟ್ರದಲ್ಲಿ ಇದು ಕಾಣಿಸಿಕೊಂಡಿತ್ತು. 2009ರಲ್ಲಿ ಸೊಲ್ಲಾಪುರ, ಕೊಲ್ಲಾಪುರ ಜಿಲ್ಲೆಗಳಲ್ಲಿ ಮತ್ತೆ ಎದ್ದಾಗ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ವಿಜ್ಞಾನಿಗಳು ತನಿಖೆ ನಡೆಸಿದರು. ಸೊಲ್ಲಾಪುರ ಜಿಲ್ಲೆಯ ಕಾಸೇಗಾಂವ್ ಎಂಬ ಒಂದೇ ಊರಿನಲ್ಲಿ 166 ಜನರಿಗೆ, ಕೊಲ್ಲಾಪುರದ 21 ಹಳ್ಳಿಗಳಲ್ಲಿ 185 ಜನರಿಗೆ ರೋಗಲಕ್ಷಣಗಳಿದ್ದವು. ಕಾಸೇಗಾಂವ್‌ನಲ್ಲಿ ಪ್ರತಿ 100 ಜನರಲ್ಲಿ 6-7 ಮಂದಿ ಇದಕ್ಕೆ ತುತ್ತಾಗಿದ್ದರು. ಪಿಸಿಆರ್ ಪರೀಕ್ಷೆಯಲ್ಲಿ ಜನರ ಮತ್ತು ಎಮ್ಮೆಗಳ ಮಾದರಿಗಳೆರಡರಲ್ಲೂ ಎಮ್ಮೆ ಸಿಡುಬಿನ ವೈರಸ್ ಇರುವುದು ಖಚಿತವಾಯಿತು.

ಇದು ನಮಗೆ ದೂರದ ಸುದ್ದಿಯಲ್ಲ. ಬಸವಕಲ್ಯಾಣ ತಾಲ್ಲೂಕು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಿದೆ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಹುಮನಾಬಾದ್ ಮೂಲಕವೇ ಹೋಗುತ್ತದೆ. ಬೀದರ್-ಕಲಬುರಗಿ ರಸ್ತೆಯೂ ಅಲ್ಲೇ ಕೂಡುತ್ತದೆ. ಸಂತೆಯಿಂದ ಸಂತೆಗೆ ಸಾಗುವ ಎಮ್ಮೆಗೆ ರಾಜ್ಯದ ಗಡಿ ಗೊತ್ತಿಲ್ಲ, ಅದರ ಮೈಮೇಲಿನ ವೈರಸ್‌ಗಂತೂ ಮೊದಲೇ ಗೊತ್ತಿಲ್ಲ.

ಕಳಚಿಹೋದ ಕವಚ

1796ರಲ್ಲಿ ಎಡ್ವರ್ಡ್ ಜೆನ್ನರ್ ಲಸಿಕೆಯ ಮೊದಲ ಪ್ರಯೋಗಕ್ಕೆ ದ್ರವ ತೆಗೆದದ್ದು ಒಬ್ಬ ಹಾಲು ಕರೆಯುವವಳ ಕೈಯ ಬೊಕ್ಕೆಯಿಂದ. ಆಕಳಿನ ಸಿಡುಬು ತಗಲಿದವರಿಗೆ ಮನುಷ್ಯರ ಸಿಡುಬು ಬರುವುದಿಲ್ಲ ಎಂಬ ಹಳ್ಳಿಗರ ಅನುಭವವೇ ಅದಕ್ಕೆ ಆಧಾರ. ಹತ್ತಿರದ ಸಂಬಂಧಿ ವೈರಸ್‌ಗಳಲ್ಲಿ ಒಂದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಇನ್ನೊಂದನ್ನೂ ತಡೆಯುತ್ತವೆ.

ಇದೇ ನಿಯಮ ತಿರುಗಿಯೂ ಕೆಲಸ ಮಾಡುತ್ತದೆ. ಸಿಡುಬಿನ ಲಸಿಕೆ, ಅಂದರೆ ನಮ್ಮ ಕಡೆಯ ಹಿರಿಯರು ಹೇಳುವ 'ದೇವಿ ಹಾಕಿಸುವುದು', ಎಮ್ಮೆ ಸಿಡುಬಿನಿಂದಲೂ ರಕ್ಷಣೆ ಕೊಡುತ್ತಿತ್ತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ವರದಿಯಾದದ್ದು 1975ರಲ್ಲಿ. 1980ರಲ್ಲಿ ಜಗತ್ತೇ ಸಿಡುಬುಮುಕ್ತವಾಯಿತೆಂದು ಘೋಷಿಸಲಾಯಿತು, ಲಸಿಕೆಯೂ ನಿಂತಿತು. ಅದು ಸರಿಯಾದ ತೀರ್ಮಾನವೇ. ಆದರೆ ಆ ನಂತರ ಹುಟ್ಟಿದವರಿಗೆ ಈ ಕವಚವಿಲ್ಲ, ಹಿರಿಯರಲ್ಲೂ ವರ್ಷಗಳು ಉರುಳಿದಂತೆ ಅದು ತೆಳುವಾಗಿದೆ. ಎಮ್ಮೆ ಸಿಡುಬು ಮನುಷ್ಯರಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳಲು ಇದು ಒಂದು ಮುಖ್ಯ ಕಾರಣವೆಂದು ತಜ್ಞರು ಹೇಳುತ್ತಾರೆ.

ಇನ್ನೊಂದು ಸ್ವಾರಸ್ಯವಿದೆ. ನಮ್ಮ ದೇಶದಲ್ಲಿ ಲಸಿಕೆಯ ದ್ರವವನ್ನು ಎಮ್ಮೆಕರುಗಳ ಚರ್ಮದ ಮೇಲೂ ಬೆಳೆಸುತ್ತಿದ್ದರು. ಬೆಳಗಾವಿಯ 'ವ್ಯಾಕ್ಸಿನ್ ಡಿಪೋ' ಮೈದಾನದ ಹೆಸರು ಅಂಥ ಲಸಿಕೆ ತಯಾರಿಕೆಯ ಕಾಲವನ್ನೇ ನೆನಪಿಸುತ್ತದೆ. ಲಸಿಕೆಯ ವೈರಸ್ಸೇ ಎಂದೋ ಎಮ್ಮೆಗಳಿಗೆ ದಾಟಿ ಅಲ್ಲಿ ನೆಲೆಸಿತೆ? ಹಾಗೆಂಬ ಊಹೆಯಿದೆ, ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನೆರಡು ಎಚ್ಚರಿಕೆ

ಹುಚ್ಚುನಾಯಿ ಕಚ್ಚಿದ ದನ ನುಂಗಲಾರದೆ ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕುವುದು ರೂಢಿ. ಇದು ಜೀವಕ್ಕೇ ಅಪಾಯ, ಏಕೆಂದರೆ ರೇಬೀಸ್ ವೈರಸ್ ಜೊಲ್ಲಿನಲ್ಲಿರುತ್ತದೆ. ಲಕ್ಷಣ ಕಾಣಿಸಿದ ಮೇಲೆ ರೇಬೀಸ್‌ಗೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಜೊಲ್ಲು ತಗಲಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ದನದ ಮೈಯ ಉಣ್ಣೆಯನ್ನು ಬರಿಗೈಯಿಂದ ಕಿತ್ತು ಹೊಸಕಬಾರದು. 2011ರಲ್ಲಿ ಗುಜರಾತಿನಲ್ಲಿ ಪತ್ತೆಯಾದ ಕ್ರಿಮಿಯನ್-ಕಾಂಗೋ ಜ್ವರದ ವೈರಸ್ ಉಣ್ಣೆಗಳಿಂದ ಹರಡುತ್ತದೆ.

ಏನು ಮಾಡಬೇಕು?

ಬೊಕ್ಕೆ ಎದ್ದ ಎಮ್ಮೆಯನ್ನು ಬೇರೆ ಕಟ್ಟಿ, ಎಲ್ಲ ಎಮ್ಮೆಗಳ ನಂತರ ಕೊನೆಯಲ್ಲಿ ಹಿಂಡಿ. ಕೈಯಲ್ಲಿ ಗಾಯವಿದ್ದವರು ಹಿಂಡಬಾರದು. ಸಾಧ್ಯವಿದ್ದರೆ ಕೈಗವಸು ಹಾಕಿ. ಹಿಂಡುವ ಮೊದಲು, ನಂತರ ಸಾಬೂನಿನಿಂದ ಕೈ ತೊಳೆಯಿರಿ. ಒಣಗಿದ ಹಕ್ಕಳೆಯಲ್ಲೂ ವೈರಸ್ ಬಹುಕಾಲ ಬದುಕುತ್ತದೆ, ಆದ್ದರಿಂದ ಉದುರಿದ್ದನ್ನು ಸುಡಿ. ಹಾಲನ್ನು ಚೆನ್ನಾಗಿ ಕುದಿಸಿಯೇ ಬಳಸಿ. ಆ್ಯಂಟಿಬಯಾಟಿಕ್ ವೈರಸ್ಸನ್ನು ಕೊಲ್ಲುವುದಿಲ್ಲ. ಗಾಯಕ್ಕೆ ಬ್ಯಾಕ್ಟೀರಿಯಾ ಸೇರಿದ್ದರೆ ಮಾತ್ರ ಅದರಿಂದ ಉಪಯೋಗ.

ಎಲ್ಲಕ್ಕಿಂತ ಮುಖ್ಯವಾದುದು ಮಾಹಿತಿ. ಎಮ್ಮೆಯ ಬೊಕ್ಕೆಯನ್ನು ಪಶುವೈದ್ಯರು ನೋಡುತ್ತಾರೆ, ಕೈಯ ಬೊಕ್ಕೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ನೋಡುತ್ತಾರೆ. ಎರಡೂ ಒಂದೇ ರೋಗವೆಂಬುದು ರೈತ ಬಾಯಿಬಿಟ್ಟು ಹೇಳದಿದ್ದರೆ ಇಬ್ಬರಿಗೂ ತಿಳಿಯದೆ ಹೋಗಬಹುದು. ಆದ್ದರಿಂದ 'ನಮ್ಮ ಎಮ್ಮೆಗೂ ಹೀಗೇ ಆಗಿದೆ' ಎಂದು ವೈದ್ಯರಿಗೆ, 'ನನ್ನ ಕೈಗೂ ಬಂದಿದೆ' ಎಂದು ಪಶುವೈದ್ಯರಿಗೆ ತಪ್ಪದೆ ಹೇಳಬೇಕು. ಪರೀಕ್ಷೆಗೆ ಮಾದರಿ ಹೋಗುವುದು ಆಗಲೇ.

ಮಾಡಿ ನೋಡಿ

ನಿಮ್ಮ ತರಗತಿಯಲ್ಲಿ ಒಂದು ಸಮೀಕ್ಷೆ ನಡೆಸಿ. ಪ್ರತಿ ವಿದ್ಯಾರ್ಥಿ ತನ್ನ ಮನೆಯವರ ವಯಸ್ಸು, ತೋಳಿನಲ್ಲಿ ದೇವಿ ಹಾಕಿದ ಗುರುತು ಇದೆಯೆ, ಹಾಲು ಹಿಂಡುತ್ತಾರೆಯೆ ಎಂಬ ಮೂರು ವಿವರಗಳನ್ನು ಬರೆದು ತರಲಿ. ಕಿರಿಯರ ಎಡತೋಳಿನ ಒಂಟಿ ಸಣ್ಣ ಗುರುತು ಕ್ಷಯದ ಬಿಸಿಜಿ ಲಸಿಕೆಯದು, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಊರಿನಲ್ಲಿ ಹಾಲು ಹಿಂಡುವವರಲ್ಲಿ ಗುರುತು ಇರುವವರು ಎಷ್ಟು, ಇಲ್ಲದವರು ಎಷ್ಟು? ಕರಿಹಲಗೆಯ ಮೇಲೆ ಸ್ತಂಭಾಲೇಖ ಬರೆದು ಚರ್ಚಿಸಿ.