ಗಂಟೆ ಬಾರಿಸದ ಶಾಲೆ

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ನಾಡಿನ ಶಾಲೆಗಳ ಗಂಟೆಗಳೆಲ್ಲ ಒಮ್ಮೆಲೇ ಮೌನವಾದುದನ್ನು ನಮ್ಮ ವಾಚಕರು ಮರೆತಿರಲಿಕ್ಕಿಲ್ಲ. ಕೋವಿಡ್ ಪಿಡುಗಿಗಾಗಿ ಬಾಗಿಲು ಮುಚ್ಚಿಕೊಂಡ ಶಾಲೆಯು ಅಂಗೈಯಗಲದ ಮೊಬೈಲಿನ ಪರದೆಯೊಳಗೆ ಅಡಗಿ ಮನೆಮನೆಯ ಪಡಸಾಲೆಗೆ ಬಂದು ಕುಳಿತಿತು. ಸುಮಾರು ಎರಡು ವರ್ಷಗಳ ಏರಿಳಿತದ ತರುವಾಯ ಶಾಲೆಗಳೇನೋ ಮೊದಲಿನಂತೆ ನಡೆಯಹತ್ತಿದವು. ಆನ್‌ಲೈನ್ ತರಗತಿಯೆಂಬ ಪದ್ಧತಿಯು ಮಾತ್ರ ಪಿಡುಗಿನ ಸಂಗಡ ಹೊರಟುಹೋಗಲಿಲ್ಲ. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಎಂಬ ವ್ಯವಸ್ಥೆಯ ಮೂಲಕ ಕಾಲೇಜಿನ ತರುಣರು ಮನೆಯಲ್ಲಿಯೇ ಕುಳಿತು ದೂರದ ಪ್ರಾಧ್ಯಾಪಕರ ಪಾಠ ಕೇಳುತ್ತಿರುವರು. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ನೂರಕ್ಕೆ ನಲವತ್ತರವರೆಗೆ ಹೀಗೆಯೇ ಕಲಿಯಲು ವಿಶ್ವವಿದ್ಯಾಲಯಗಳು ಅನುಮತಿ ಕೊಡಬಹುದೆಂದು 2021ರಲ್ಲಿ ನಿಯಮವೂ ಆಯಿತು. ಸರಕಾರಿ ನೌಕರರಿಗೂ ‘ಕರ್ಮಯೋಗಿ’ ಯೋಜನೆಯ ಪಾಠಗಳು ಇದೇ ಬಗೆಯಾಗಿ ಒದಗುತ್ತಿವೆ. ಆದುದರಿಂದ ಮನೆಯಲ್ಲಿ ಕುಳಿತು ಕಲಿಯುವ ಬಗೆ ಯಾವದು ಎಂಬ ಪ್ರಶ್ನೆಯು ಬಾಲಕರಿಗಷ್ಟೇ ಸಂಬಂಧಿಸಿದುದಲ್ಲ. ಕಚೇರಿಯಿಂದ ದಣಿದು ಬಂದ ಗೃಹಸ್ಥರಿಗೂ ಸಂಬಂಧಿಸಿದುದಾಗಿದೆ.

ದೂರದಿಂದ ವಿದ್ಯೆ ಪಡೆಯುವದು ನಮ್ಮ ನಾಡಿಗೆ ತೀರ ಹೊಸತೇನೂ ಅಲ್ಲ. ಮೈಸೂರು ವಿಶ್ವವಿದ್ಯಾಲಯವು 1969ರಲ್ಲಿಯೇ ಅಂಚೆ ಮೂಲಕ ಶಿಕ್ಷಣ ಕೊಡುವ ಸಂಸ್ಥೆಯನ್ನು ತೆರೆಯಿತು. 1996ರಲ್ಲಿ ಅದರಿಂದಲೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ಮೈದಾಳಿತು. ಅಂದು ಪಾಠಗಳು ಲಕೋಟೆಯಲ್ಲಿ ಬರುತ್ತಿದ್ದವು. ಲಕೋಟೆ ಒಡೆದು, ದಿನಕ್ಕಿಷ್ಟೆಂದು ಓದಿ, ಗುಮಾಸ್ತಿಕೆ ಮಾಡುತ್ತಲೇ ಪದವಿ ಪಡೆದವರುಂಟು. ಬಂದ ಲಕೋಟೆಯನ್ನು ಹಾಗೆಯೇ ಗೂಡಿನಲ್ಲಿಟ್ಟು ಮರೆತವರೂ ಉಂಟು. ಪಾಠವು ಇಬ್ಬರಿಗೂ ಒಂದೇ ಆಗಿತ್ತು, ಅಂತರವಿದ್ದುದು ರೂಢಿಯಲ್ಲಿ.

ಶಾಲೆಯು ನಮಗೆ ಕೊಡುವದು ಪಾಠವೊಂದನ್ನೇ ಎಂದು ನಾವು ತಿಳಿದಿದ್ದೆವು. ಅದು ತಪ್ಪೆಂಬದು ಈಗ ಮನಗಂಡಿದೆ. ಹೊತ್ತಿಗೆ ಸರಿಯಾಗಿ ಬಾರಿಸುವ ಗಂಟೆ, ತನ್ನದೆಂದು ಗೊತ್ತಾದ ಬೆಂಚು, ಪಕ್ಕದಲ್ಲಿ ಬರೆಯುತ್ತಿರುವ ಗೆಳೆಯ, ಕಿಟಕಿಯ ಕಡೆಗೆ ಹೊರಳಿದ ಕಣ್ಣನ್ನು ಹಿಂದಕ್ಕೆ ಸೆಳೆಯುವ ಗುರುವಿನ ದೃಷ್ಟಿ, ಇವೆಲ್ಲ ಕೂಡಿ ಶಿಷ್ಯನ ಚಂಚಲ ಮನಸ್ಸನ್ನು ಹಿಡಿದು ನಿಲ್ಲಿಸುತ್ತಿದ್ದವು. ಮನೆಯ ತರಗತಿಯಲ್ಲಿ ಪಾಠವುಂಟು, ಈ ಪರಿವಾರವಿಲ್ಲ. ಅದರ ಫಲವೂ ಸ್ಪಷ್ಟವಾಗಿದೆ. ಅಮೆರಿಕೆಯ ಹಾರ್ವರ್ಡ್ ಹಾಗೂ ಎಂ.ಐ.ಟಿ. ವಿದ್ಯಾಪೀಠಗಳು ಲೋಕಕ್ಕೆಲ್ಲ ತೆರೆದಿಟ್ಟ ಆನ್‌ಲೈನ್ ಪಾಠಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಪರಿಶೀಲನೆಯ ಮೇರೆಗೆ, 2017-18ರಲ್ಲಿ ಹೆಸರು ಹಚ್ಚಿದವರಲ್ಲಿ ನೂರಕ್ಕೆ ಸುಮಾರು ಮೂವರು ಮಾತ್ರ ಪಾಠವನ್ನು ಕೊನೆಮುಟ್ಟಿಸಿದರು. ಕುತೂಹಲಕ್ಕಾಗಿ ಇಣಿಕಿ ನೋಡಿದವರು ಅವರಲ್ಲಿ ಅನೇಕರಿರಬಹುದು. ಹಾಗಿದ್ದರೂ, ಜಗತ್ತಿನ ಉತ್ತಮ ಗುರುಗಳು ಪುಕ್ಕಟೆಯಾಗಿ ದೊರೆತ ಮಾತ್ರಕ್ಕೆ ವಿದ್ಯೆ ಕೈಗೂಡುವದಿಲ್ಲವೆಂಬದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಶಾಲೆಯು ಹೊರುತ್ತಿದ್ದ ಶಿಸ್ತಿನ ಭಾರವು ಈಗ ವಿದ್ಯಾರ್ಥಿಯ ಹೆಗಲಿಗೂ ಮನೆಯವರ ಹೆಗಲಿಗೂ ಬಂದಿರುವದೆಂಬದೇ ನಮ್ಮ ಇಂದಿನ ಮಾತಿನ ಸಾರ.

ಮೊದಲನೆಯದು ವೇಳೆಯ ನಿಯಮ. “ಪಾಠ ಎಲ್ಲಿಗೂ ಹೋಗುವದಿಲ್ಲ, ಆಮೇಲೆ ನೋಡಿದರಾಯಿತು” ಎಂಬ ಮಾತೇ ಮನೆಯ ತರಗತಿಯ ಮೊದಲ ಶತ್ರು. ಮುದ್ರಿತ ಪಾಠವು ಯಾವಾಗಲೂ ಸಿಗುವದೆಂಬ ಧೈರ್ಯದಿಂದಲೇ ಅದು ಯಾವಾಗಲೂ ಉಳಿಯುವದು. ಬೆಳಗಿನ ಆರಕ್ಕೋ ರಾತ್ರಿಯ ಎಂಟಕ್ಕೋ ಒಂದು ಹೊತ್ತನ್ನು ಗೊತ್ತುಪಡಿಸಿ, ಮುಂಜಿಯಾದ ವಟು ಸಂಧ್ಯೆಯ ಹೊತ್ತನ್ನು ಕಾಯುವಂತೆ ಅದನ್ನು ಕಾಯತಕ್ಕದ್ದು. ಭಾನುವಾರ ಆರು ತಾಸು ಕುಳಿತು ವಾರದ ಬಾಕಿಯನ್ನೆಲ್ಲ ತೀರಿಸುವೆನೆಂಬದು ಭ್ರಮೆ. ನಿತ್ಯದ ಒಂದು ತಾಸು ಅದಕ್ಕಿಂತ ಹೆಚ್ಚಿನ ಫಲ ಕೊಡುವದು. ‘ಸ್ವಯಂ’ ವ್ಯವಸ್ಥೆಯಲ್ಲಿ ಐ.ಐ.ಟಿ.ಗಳವರು ನಡೆಸುವ ಪಾಠಗಳಿಗೆ ವಾರವಾರವೂ ಮನೆಗೆಲಸವಿದ್ದು, ನೂರು ಅಂಕಗಳಲ್ಲಿ ಇಪ್ಪತ್ತೈದು ಅದಕ್ಕೇ ಮೀಸಲಾಗಿವೆ. ಪರೀಕ್ಷೆಯ ಹಿಂದಿನ ರಾತ್ರಿ ಎಣ್ಣೆ ಸುಡುವವರಿಗೆ ಆ ಇಪ್ಪತ್ತೈದು ದೊರೆಯುವಂತಿಲ್ಲ.

ಎರಡನೆಯದು ಸ್ಥಳ. ಹಾಸಿಗೆಯ ಮೇಲೆ ಒರಗಿ ಕೇಳಿದ ಪಾಠವು ಜೋಗುಳದಂತೆ ನಿದ್ರೆಯನ್ನೇ ತರುವದು. ಪ್ರತ್ಯೇಕ ಕೋಣೆ ಎಲ್ಲರಿಗೂ ಸಾಧ್ಯವಿಲ್ಲವೆಂಬದನ್ನು ನಾವು ಬಲ್ಲೆವು. ಪಡಸಾಲೆಯ ಒಂದು ಮೂಲೆ, ಒಂದು ಚಾಪೆ, ಒಂದು ಮಣೆ ಇಷ್ಟಿದ್ದರೂ ಸಾಕು. ಅದು ದಿನವೂ ಅದೇ ಮೂಲೆಯಾಗಿರಬೇಕು. ಇನ್ನು ಮೊಬೈಲಿನ ಮಾತು. ಪಾಠ ಬರುವ ದಾರಿಯಲ್ಲಿಯೇ ಆಟ, ಹರಟೆ, ಚಿತ್ರಗಳೂ ಬರುವವು. ಒಂದೇ ಬಾಗಿಲಿನಿಂದ ಗುರುವೂ ಗಾರುಡಿಗನೂ ಒಳಬಂದಂತೆ. ಪಾಠ ಮುಗಿಯುವತನಕ ಇತರ ಸೂಚನೆಗಳ ಸದ್ದನ್ನು ಅಡಗಿಸಿ, ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ ಕುಳ್ಳಿರತಕ್ಕದ್ದು. ಕಣ್ಣಿನ ಸಲುವಾಗಿ ವೈದ್ಯರು ಹೇಳುವ ಸುಲಭ ನಿಯಮವೊಂದುಂಟು: ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವದು. ಅಂಗಳದ ಮರವನ್ನು ನೋಡಲಿಕ್ಕೆ ಖರ್ಚೇನೂ ಇಲ್ಲ.

ಮೂರನೆಯದೂ ಎಲ್ಲಕ್ಕಿಂತ ಮುಖ್ಯವೂ ಆದುದು, ಕಲಿತುದನ್ನು ನೆನಪಿನಿಂದ ಹೊರತೆಗೆಯುವ ಅಭ್ಯಾಸ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ಪರೀಕ್ಷಿಸಿಕೊಂಡ ಜರ್ಮನಿಯ ಎಬ್ಬಿಂಗ್‌ಹೌಸನು, ಕಲಿತುದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಒಂದು ತಾಸಿನೊಳಗೇ ಜಾರಿಹೋಗುವದೆಂದು 1885ರಲ್ಲಿಯೇ ತೋರಿಸಿದನು. ಇದಕ್ಕೆ ಮದ್ದೇನು? ಮತ್ತೆ ಮತ್ತೆ ಓದುವದೆಂದು ನಾವೆಲ್ಲರೂ ಹೇಳುವೆವು. ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಪಂಡಿತರು 2006ರಲ್ಲಿ ಪ್ರಕಟಿಸಿದ ಪ್ರಯೋಗವು ಬೇರೆ ಉತ್ತರ ಕೊಡುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ನಾಲ್ಕು ಆವರ್ತಿ ಓದಿದರು. ಇನ್ನೊಂದು ಗುಂಪಿನವರು ಒಂದು ಆವರ್ತಿ ಓದಿ, ಅದನ್ನು ಮುಚ್ಚಿಟ್ಟು, ಮೂರು ಸಲ ನೆನಪಿನಿಂದ ಬರೆದರು. ಐದು ನಿಮಿಷಗಳ ತರುವಾಯ ಕೇಳಿದಾಗ ಓದಿದವರೇ ಮುಂದಿದ್ದರು. ವಾರವೊಂದು ಕಳೆದ ಮೇಲೆ ಕೇಳಿದಾಗ, ಓದಿದವರಲ್ಲಿ ನೂರಕ್ಕೆ ನಲವತ್ತರಷ್ಟು ಮಾತ್ರ ಉಳಿದಿತ್ತು. ಬರೆದವರಲ್ಲಿ ಅರವತ್ತೊಂದರಷ್ಟು ಉಳಿದಿತ್ತು. ಪರದೆಯ ಪಾಠವನ್ನು ಎರಡೆರಡು ಸಲ ನೋಡಿ “ಎಲ್ಲ ತಿಳಿಯಿತು” ಎಂದು ಸಮಾಧಾನ ಪಡುವವರು ಈ ಅಂಕೆಗಳನ್ನು ಮನನ ಮಾಡಬೇಕು. ನಮ್ಮ ಹಳೆಯ ಮಠದ ಐಗಳು ಪಾಟಿ ಅಳಿಸಿ ಒಪ್ಪಿಸೆಂದು ಹೇಳುತ್ತಿದ್ದುದರಲ್ಲಿ ಇದೇ ಮರ್ಮವಿತ್ತು. ಪಾಠ ಮುಗಿದೊಡನೆ ಪರದೆಯನ್ನು ಆರಿಸಿ, ಬರಿಯ ಕಾಗದದ ಮೇಲೆ ಕೇಳಿದುದರ ಸಾರವನ್ನು ಸ್ವಂತ ಮಾತಿನಲ್ಲಿ ಬರೆಯಲಿ. ಬಾರದುದನ್ನು ಗುರುತಿಸಿ ಅಷ್ಟನ್ನೇ ಮತ್ತೊಮ್ಮೆ ನೋಡಲಿ. ಮರುದಿನವೂ ಮುಂದಿನ ವಾರವೂ ಇದನ್ನೇ ಮಾಡಲಿ. ಹತ್ತು ನಿಮಿಷದ ಈ ಶ್ರಮವು ಇನ್ನೊಂದು ತಾಸಿನ ಪಾಠಕ್ಕಿಂತ ಮೇಲು.

ನಾಲ್ಕನೆಯದು ಸಂಶಯ ನಿವಾರಣೆ. ಶಾಲೆಯಲ್ಲಿ ತಿಳಿಯದ ಹುಡುಗನ ಮುಖವೇ ಗುರುವಿಗೆ ಎಲ್ಲವನ್ನೂ ಹೇಳುತ್ತಿತ್ತು. ಕ್ಯಾಮೆರಾ ಮುಚ್ಚಿ ಕುಳಿತವನ ಮುಖ ಯಾರಿಗೆ ಕಾಣಬೇಕು? ಆದುದರಿಂದ ಸಂಕೋಚವನ್ನು ಬಿಟ್ಟು, ಸಂಶಯಗಳನ್ನು ಆಗಿಂದಾಗ್ಗೆ ಬರೆದಿಟ್ಟುಕೊಂಡು ಕೇಳಲೇಬೇಕು. ಅದೇ ಪಾಠ ಕೇಳುವ ಇಬ್ಬರು ಮೂವರು ಗೆಳೆಯರು ವಾರಕ್ಕೊಮ್ಮೆ ಕೂಡಿ ಒಬ್ಬರಿಗೊಬ್ಬರು ಪಾಠ ಹೇಳಿದರೆ, ಕಳೆದುಹೋದ ಬೆಂಚು ಮರಳಿ ದೊರೆತಂತೆಯೇ ಸರಿ.

ಇನ್ನು ಮನೆಯ ಹಿರಿಯರಿಗೆ ನಮ್ಮ ಬಿನ್ನಹ. ನಾವು ಕಂಡ ಮನೆಯೊಂದರ ಸಂಗತಿಯಿದು. ಅಣ್ಣನೂ ತಂಗಿಯೂ ಅಕ್ಕಪಕ್ಕದಲ್ಲಿ ಕುಳಿತು ತಮ್ಮ ತಮ್ಮ ತರಗತಿಯ ಪಾಠ ಕೇಳುತ್ತಿದ್ದರು. ಹಾಲು ಉಕ್ಕಿತು, ತಂಗಿಗೆ ಕರೆ. ಬಾಗಿಲಲ್ಲಿ ಯಾರೋ ಬಂದರು, ತಂಗಿಗೆ ಕರೆ. ತೊಟ್ಟಿಲ ಮಗು ಅತ್ತಿತು, ಆಗಲೂ ತಂಗಿಗೇ ಕರೆ. ಅಣ್ಣನು ಪಾಠದಲ್ಲಿರುವನೆಂದು ಎಲ್ಲರೂ ಮೆಲ್ಲನೆ ನಡೆದಾಡುತ್ತಿದ್ದರು. ತಾಸಿನ ಕೊನೆಗೆ ಆ ಹುಡುಗಿಯ ಟಿಪ್ಪಣಿ ಪುಸ್ತಕದಲ್ಲಿ ಅರ್ಧ ಅರ್ಧ ವಾಕ್ಯಗಳಿದ್ದವು. ಶಾಲೆಯ ಗೋಡೆಯು ಇಷ್ಟು ದಿನ ಅವಳನ್ನು ಕಾಯುತ್ತಿದ್ದಿತು. ಗೋಡೆಯಿಲ್ಲದ ಶಾಲೆಯಲ್ಲಿ ಅವಳನ್ನು ಕಾಯಬೇಕಾದವರು ತಂದೆತಾಯಿಗಳೇ ಅಲ್ಲವೆ? “ಮನೆಯಲ್ಲಿಯೇ ಇದ್ದಾಳೆ” ಎಂದರೆ “ಕೆಲಸವಿಲ್ಲದೆ ಇದ್ದಾಳೆ” ಎಂದು ಅರ್ಥವಲ್ಲ. ಪಾಠದ ಹೊತ್ತಿಗೆ ಟಿ.ವಿ.ಯ ಸದ್ದನ್ನು ಇಳಿಸುವದೂ, ಫೋನಿನಲ್ಲಿ ಎತ್ತರದ ಮಾತನ್ನು ಅಂಗಳಕ್ಕೆ ಒಯ್ಯುವದೂ ದಾನಧರ್ಮಕ್ಕೆ ಕಡಮೆಯಾದ ಪುಣ್ಯವಲ್ಲ.

ರೂಢಿಯೊಂದರಿಂದಲೇ ಎಲ್ಲವೂ ನೆರವೇರುವದೆಂದು ನಾವು ಹೇಳುವದಿಲ್ಲ. ದೇಶದ ಗ್ರಾಮಗಳಲ್ಲಿ ‘ಅಸರ್’ ವರದಿಯವರು 2020ರಲ್ಲಿ ವಿಚಾರಿಸಿದಾಗ, ಶಾಲೆಗೆ ಸೇರಿದ ಮಕ್ಕಳಲ್ಲಿ ನೂರಕ್ಕೆ ಸುಮಾರು ಅರವತ್ತೆರಡು ಮಕ್ಕಳ ಮನೆಗಳಲ್ಲಿ ಮಾತ್ರ ಸ್ಮಾರ್ಟ್‌ಫೋನು ಇದ್ದಿತು. ಉಳಿದ ಮಕ್ಕಳಿಗೆ ವೇಳಾಪತ್ರಿಕೆಯ ಉಪದೇಶ ಮಾಡುವದು ಹಸಿದವನಿಗೆ ಊಟದ ಕ್ರಮ ಹೇಳಿದಂತೆ. ಅದೇ ವರ್ಷದ ಆಗಸ್ಟಿನಲ್ಲಿ ನಮ್ಮ ರಾಜ್ಯದ ಶಿಕ್ಷಕರು ‘ವಿದ್ಯಾಗಮ’ ಯೋಜನೆಯ ಮೇರೆಗೆ ಗುಡಿಯ ಕಟ್ಟೆ, ಮರದ ನೆರಳುಗಳಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರದೆ ಮುಟ್ಟದ ಕಡೆಗೆ ಮನುಷ್ಯನೇ ನಡೆದುಹೋಗಬೇಕೆಂಬ ಆ ಪಾಠವನ್ನು ಸರಕಾರವು ಮರೆಯತಕ್ಕದ್ದಲ್ಲ.

ಉಪಕರಣವು ಕೈಗೆ ಬಂದವರಿಗಾದರೂ ನಾವು ಹೇಳುವದಿಷ್ಟೆ. ಹೊರಗಿನ ಗಂಟೆ ಬಾರಿಸದ ಶಾಲೆಯಲ್ಲಿ ಒಳಗಿನ ಗಂಟೆಯೇ ಬಾರಿಸಬೇಕು. ಯಾರೂ ನೋಡದಿರುವಾಗ ತಾನಾಗಿಯೇ ಪುಸ್ತಕ ಬಿಚ್ಚಿ ಕುಳಿತುಕೊಳ್ಳುವ ಅಭ್ಯಾಸವು ಪರೀಕ್ಷೆಯ ಅಂಕಗಳೊಡನೆ ಮುಗಿದುಹೋಗುವಂಥದಲ್ಲ. ಮೇಲಧಿಕಾರಿಯ ಕಣ್ಣಿಲ್ಲದೆಯೂ ಕಡತವನ್ನು ವಿಲೇ ಮಾಡುವ ನೌಕರನನ್ನೂ, ಹೇಳಿಸಿಕೊಳ್ಳದೆ ಹೊಣೆ ಹೊರುವ ನಾಗರಿಕನನ್ನೂ ಸಿದ್ಧಪಡಿಸುವದು ಅದೇ. ನಾಳೆ ಬೆಳಗಿನ ಒಂದು ತಾಸನ್ನು ಇಂದು ರಾತ್ರಿಯೇ ಗೊತ್ತುಪಡಿಸಿಕೊಳ್ಳುವದರಿಂದ ನಮ್ಮ ವಾಚಕರು ಇದನ್ನು ಆರಂಭಿಸಲಿ. ಮನೆಯ ಮಗಳಿಗೂ ಆ ತಾಸನ್ನು ಉಳಿಸಿಕೊಡಲಿ.